ಮುನಿಸು ಇಳಿದ ಮೇಲೆ ನಾದುವ ಹಿಟ್ಟು

ಭಾನುವಾರ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಪ್ರಾರ್ಥನಾ ಮಂದಿರದ ಹಿಂದಿನ ಪುಟ್ಟ ಅಡುಗೆಕೋಣೆಯಲ್ಲಿ ಒಲೆ ಹೊತ್ತಿದೆ, ಕಬ್ಬಿಣದ ಹಂಚು ಕಾಯುತ್ತಿದೆ, ಅಗಲವಾದ ಬೋಗುಣಿಯಲ್ಲಿ ಜರಡಿ ಹಿಡಿದ ಗೋಧಿ ಹಿಟ್ಟು ಸಿದ್ಧವಾಗಿದೆ. ಪಕ್ಕದಲ್ಲಿ ಬೆಚ್ಚಗಿನ ನೀರು, ಚಿಟಿಕೆ ಉಪ್ಪು, ಒಂದಿಷ್ಟು ಎಣ್ಣೆ. ಎಲ್ಲವೂ ಇದೆ. ಆದರೆ ರೊಟ್ಟಿಯಕ್ಕ ಹಿಟ್ಟಿಗೆ ಕೈ ಹಾಕುವುದಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪಾಠ ಒಪ್ಪಿಸಲು ನಿಂತ ಹುಡುಗಿಯ ಹಾಗೆ, ಕಣ್ಣು ಮುಚ್ಚಿ ಬೋಗುಣಿಯ ಮುಂದೆ ನಿಂತಿದ್ದಾರೆ. ತುಟಿ ಮಾತ್ರ ಅಲುಗುತ್ತಿದೆ.

ಇದ್ದಕ್ಕಿದ್ದಂತೆ ಕಣ್ಣು ತೆರೆದು, "ಅಯ್ಯೋ, ಇವರೊಬ್ಬರು ಉಳಿದೇಬಿಟ್ರು" ಎಂದು ಗೊಣಗುತ್ತಾ ಬಾಗಿಲಿಗೆ ಬರುತ್ತಾರೆ. ಹೊರಗೆ ಮೆಟ್ಟಿಲ ಮೇಲೆ ಗಂಡ ಕೂತಿದ್ದಾರೆ. ಬೀಗ ರಿಪೇರಿ ಮಾಡುವುದು, ಕೀಲಿಕೈ ಕಡೆಯುವುದು ಅವರ ಕಸುಬು. ನೀರಿನ ಕ್ಯಾನು ಹೊತ್ತು ತಂದ ಆಯಾಸಕ್ಕೆ ಮಂಡಿ ನೀವಿಕೊಳ್ಳುತ್ತಿದ್ದಾರೆ.

"ರೀ, ದಾರೀಲಿ ನಿಮಗೊಂದು ಮಾತು ಅಂದೆ. ತಪ್ಪಾಯ್ತು."

"ಯಾವ ಮಾತು?"

"ಕ್ಯಾನು ತುಳುಕಿಸಿದ್ರಲ್ಲ, ಆಗ. ಕೋಣ ಅಂದೆ."

"ನಂಗೆ ಕೇಳಿಸಲೇ ಇಲ್ವಲ್ಲ!"

"ಈಗ ಕೇಳಿಸ್ತಲ್ಲ. ಕ್ಷಮಿಸಿದೆ ಅನ್ನಿ, ಹಂಚು ಕಾಯ್ತಿದೆ."

"ಕೋಣ ಅಂದಿದ್ದಕ್ಕೆ ಕ್ಷಮಿಸಿದೆ. ಅದನ್ನ ಬಂದು ಹೇಳಿದ್ಯಲ್ಲ, ಅದಕ್ಕೆ ಇನ್ನೂ ಇಲ್ಲ."

"ರೀ!"

"ಆಯ್ತು ತಾಯೀ, ಎರಡಕ್ಕೂ ಕ್ಷಮಿಸಿದೆ. ಹೋಗು, ಕಲಸು."

ರೊಟ್ಟಿಯಕ್ಕ ಒಳಗೆ ಬಂದು ಕೈ ತೊಳೆಯುತ್ತಾರೆ. ಈಗ, ಈಗ ಮಾತ್ರ, ಬೆರಳುಗಳು ಹಿಟ್ಟಿಗೆ ಇಳಿಯುತ್ತವೆ.

ಹತ್ತು ಗಂಟೆಯ ಆರಾಧನೆಗೆ ಈ ಮಂದಿರದಲ್ಲಿ ನೂರಕ್ಕೂ ಮೀರಿ ಜನ ಸೇರುತ್ತಾರೆ. ಹಾಡು, ಪ್ರಾರ್ಥನೆ, ಬೋಧನೆ ಮುಗಿದ ಮೇಲೆ ಕರ್ತನ ಭೋಜನ. ಸಭಾಪಾಲಕರು ರೊಟ್ಟಿಯನ್ನು ಎತ್ತಿ ಹಿಡಿದು, ಸ್ತೋತ್ರ ಹೇಳಿ, ಮುರಿಯುತ್ತಾರೆ. ಪ್ರತಿಯೊಬ್ಬರ ಅಂಗೈಗೂ ಉಗುರಗಲದ ಒಂದು ಚೂರು. ಡಾಕ್ಟರಿಗೂ ಅಷ್ಟೇ, ಡಾಕ್ಟರ ಮನೆಯ ಕಸ ಗುಡಿಸುವವಳಿಗೂ ಅಷ್ಟೇ. ಆ ಚೂರಿನ ಹಿಂದಿನ ಕೈ ಯಾವುದೆಂದು ಕೇಳಿದರೆ ಅರ್ಧ ಜನಕ್ಕೆ ಗೊತ್ತಿಲ್ಲ. ಗೊತ್ತಿರುವ ಅರ್ಧ ಜನವೂ ರುಚಿ ಹೇಗಿತ್ತು ಅಂತ ಹೇಳುವುದಿಲ್ಲ.

"ಅಡುಗೆ ಮಾಡೋರಿಗೆಲ್ಲ 'ಚೆನ್ನಾಗಿತ್ತು' ಅನ್ನೋ ಒಂದು ಮಾತಿಗೆ ಆಸೆ ಇರುತ್ತೆ. ನನ್ನ ರೊಟ್ಟಿಗೆ ಯಾರೂ ಹಾಗನ್ನಲ್ಲ. ಅನ್ನಲೂಬಾರದು" ಎಂದು ರೊಟ್ಟಿಯಕ್ಕ ನಗುತ್ತಾರೆ. "ಮುರಿಯೋ ತನಕ ಅದು ನಾನು ಸುಟ್ಟ ರೊಟ್ಟಿ. ಮುರಿದ ಮೇಲೆ ನನ್ನದು ಹೇಗಾಗುತ್ತೆ?"

ವಾರದ ಉಳಿದ ದಿನಗಳಲ್ಲಿ ಅವರು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಾರೆ. ಹಾಸಿಗೆಯ ಬಿಳಿ ಹಾಸು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ. ದಿನಕ್ಕೆ ಎಷ್ಟು ನೂರು ಎಂದು ಎಣಿಸುವುದನ್ನು ಬಿಟ್ಟು ಕಾಲವಾಯಿತು. ಇಸ್ತ್ರಿಯ ಬಿಸಿಗೆ ಬಲಗೈಯ ಅಂಗೈ ಚರ್ಮ ದಪ್ಪವಾಗಿ ಮಿರುಗುತ್ತದೆ. "ಹಂಚಿನ ಮೇಲೆ ರೊಟ್ಟಿ ತಿರುವೋಕೆ ಸಟ್ಟುಗ ಬೇಡ ನನಗೆ" ಎಂದು ಕೈ ತೋರಿಸುತ್ತಾರೆ. ಈ ಸಭೆಯ ರೊಟ್ಟಿಗೆ ಹಿಟ್ಟು ಉಬ್ಬಿಸುವ ಹುಳಿ ಹಾಕುವುದಿಲ್ಲ, ಸಿಹಿ ಹಾಕುವುದಿಲ್ಲ. ತೆಳ್ಳಗೆ ಲಟ್ಟಿಸಿ, ಮುರಿಯುವಾಗ ಪುಡಿ ಉದುರದ ಹಾಗೆ, ಅಗಿಯುವಾಗ ಹಲ್ಲಿಲ್ಲದ ಅಜ್ಜಿಗೂ ನೋಯದ ಹಾಗೆ ಬೇಯಿಸಬೇಕು. ಕೆಂಪಾಗಬೇಕು, ಕಪ್ಪಾಗಬಾರದು.

ಈ ಕೆಲಸ ಅವರಿಗೆ ಬಂದದ್ದು ಒಬ್ಬ ಸೂಲಗಿತ್ತಿಯಿಂದ. ಅರ್ಧ ಊರನ್ನು ತನ್ನ ಕೈಯಲ್ಲೇ ಭೂಮಿಗೆ ಇಳಿಸಿಕೊಂಡ ಆ ಮುದುಕಿ, ಕೈ ನಡುಗತೊಡಗಿದಾಗ ಹಿಟ್ಟಿನ ಬೋಗುಣಿಯನ್ನು ಆಗಿನ್ನೂ ಹೊಸದಾಗಿ ಮದುವೆಯಾಗಿದ್ದ ಈಕೆಯ ಮುಂದೆ ಸರಿಸಿದಳು. ಕಲಿಸಿದ್ದು ಎರಡೇ ಮಾತು. ಒಂದು, ನೀರನ್ನು ಒಂದೇ ಸಲ ಸುರಿಯಬೇಡ. ಇನ್ನೊಂದು, ಯಾರ ಮೇಲಾದರೂ ಮುನಿಸು ಇಟ್ಟುಕೊಂಡು ಹಿಟ್ಟು ಮುಟ್ಟಬೇಡ.

"ನಾನು ಆಗ ಕೇಳಿದೆ, ಮುಟ್ಟಿದ್ರೆ ಏನಾಗುತ್ತೆ ಅಜ್ಜೀ, ರೊಟ್ಟಿ ಕಹಿ ಆಗುತ್ತಾ ಅಂತ. ಅಜ್ಜಿ, 'ರೊಟ್ಟಿಗೇನೂ ಆಗಲ್ಲ ಕಣೇ ಪೆದ್ದಿ, ನಿನಗೆ ಆಗುತ್ತೆ' ಅಂದ್ಲು."

ಈ ಮಾತು ಸೂಲಗಿತ್ತಿ ಹುಟ್ಟಿಸಿದ್ದಲ್ಲ, ಸಭೆಯ ನಂಬಿಕೆಯ ಬೇರಿನಲ್ಲೇ ಇದೆ. ಆ ನಂಬಿಕೆಯನ್ನು ಸಭಾಪಾಲಕರು ಕೇಳಿದವರಿಗೆಲ್ಲ ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ದೇವರ ಪ್ರೀತಿ ಪುಕ್ಕಟೆ ಸಿಗುವಂಥದ್ದು, ದುಡಿದು ಗಳಿಸುವಂಥದ್ದಲ್ಲ. ಯೇಸು ತನ್ನ ಪ್ರಾಣ ಕೊಟ್ಟು ಅದನ್ನು ಎಲ್ಲರ ಕೈಗೆಟುಕಿಸಿದ. ಪಡೆದವನು ಪಕ್ಕದವನಿಗೆ ದಾಟಿಸದೆ ಸುಮ್ಮನಿರಲಾರ. ಹಾಗಾಗಿ ಭೋಜನದ ಮೇಜಿಗೆ ಬರುವ ಮುಂಚೆ, ಯಾರ ಜೊತೆಗಾದರೂ ಕೆಟ್ಟಿದ್ದರೆ ಹೋಗಿ ಸರಿಮಾಡಿಕೊಂಡು ಬನ್ನಿ ಎಂಬುದು ಸಭೆಗೆಲ್ಲ ಹೇಳಿದ ಮಾತು. ಎಲ್ಲರೂ ತಲೆಯಾಡಿಸುತ್ತಾರೆ. ಅಕ್ಷರಕ್ಕೆ ಅಕ್ಷರ ಪಾಲಿಸಿದವರು ರೊಟ್ಟಿಯಕ್ಕ.

ಪಾಲಿಸಿದ ಪರಿಯನ್ನು ಅವರ ಬೀದಿಯವರ ಬಾಯಲ್ಲೇ ಕೇಳಬೇಕು. ಶನಿವಾರ ಸಂಜೆ ಲಾಂಡ್ರಿಯಿಂದ ಬಂದ ರೊಟ್ಟಿಯಕ್ಕ ಚಹಾ ಕುಡಿದು, ಸೆರಗು ಸರಿಮಾಡಿಕೊಂಡು, ರಾಜಿಗೆ ಹೊರಡುತ್ತಾರೆ. ವಾರವಿಡೀ ಯಾರ್ಯಾರ ಜೊತೆ ಮಾತಿಗೆ ಮಾತು ಬೆಳೆದಿತ್ತೋ ಅವರ ಬಾಗಿಲಿಗೆಲ್ಲ ಒಂದು ಸುತ್ತು. ಅವರ ನಾಲಗೆ ಏನು ಕಡಿಮೆ ಹರಿತವಲ್ಲ, ಹಾಗಾಗಿ ಸುತ್ತು ಸಣ್ಣದಲ್ಲ. "ಊರಿನ ಬೀಗಕ್ಕೆಲ್ಲ ಕೀಲಿಕೈ ಮಾಡಿಕೊಟ್ಟಿದ್ದೀನಿ, ಇವಳ ಬಾಯಿಗೊಂದು ಬೀಗ ಮಾಡೋಕೆ ಮಾತ್ರ ಆಗಲಿಲ್ಲ" ಎನ್ನುತ್ತಾರೆ ಗಂಡ.

ಮೇಲಿನ ಮಹಡಿಯಲ್ಲಿ ಹೊಲಿಗೆಯಾಕೆ ಇದ್ದಾರೆ. ಆಕೆ ಒಗೆದ ಬಟ್ಟೆಯ ನೀರು ಕೆಳಗೆ ರೊಟ್ಟಿಯಕ್ಕ ಒಣಹಾಕಿದ ಹಾಸಿನ ಮೇಲೆ ತೊಟ್ಟಿಕ್ಕುವುದು, ಇಬ್ಬರೂ ಮೆಟ್ಟಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಬೈದಾಡುವುದು, ಇದು ಪ್ರತಿ ಬುಧವಾರದ ಪಾಠ. "ನನಗೇನು ನಷ್ಟ? ಬುಧವಾರ ಮನಸಾರೆ ಬೈತೀನಿ. ಶನಿವಾರ ಅವರೇ ಹತ್ತಿ ಬಂದು ತಪ್ಪಾಯ್ತು ಅಂತಾರೆ, ನಾನೂ ತಪ್ಪಾಯ್ತು ಅಂತೀನಿ. ಒಂದು ಶನಿವಾರ ಬರೋದು ತಡವಾಯ್ತು ನೋಡಿ, ನಾನೇ ಕಳವಳಪಟ್ಟು ಕೆಳಗಿಳಿದು ಹೋದೆ, ಯಾಕಮ್ಮ, ಈ ವಾರ ನನ್ನ ಮೇಲೆ ಕೋಪ ಇಲ್ವಾ ಅಂತ!" ಎಂದು ಹೊಲಿಗೆಯಾಕೆ ದಾರ ಕಚ್ಚುತ್ತಾ ನಗುತ್ತಾರೆ. ಆಕೆ ಈ ಸಭೆಯವರಲ್ಲ. ಯಾವ ಸಭೆಯವರೂ ಅಲ್ಲ.

ಇಪ್ಪತ್ತು ವರ್ಷ ಮೀರಿ ಹೀಗೇ ನಡೆಯಿತು. ಕಳೆದ ವರ್ಷ ಒಂದು ಶನಿವಾರ ಮಾತ್ರ ರೊಟ್ಟಿಯಕ್ಕನಿಗೆ ಒಂದು ಬಾಗಿಲು ದಾಟಲು ಆಗಲಿಲ್ಲ. ಅದು ಒಡಹುಟ್ಟಿದ ತಂಗಿಯ ಮನೆಯ ಬಾಗಿಲು.

ಅಕ್ಕತಂಗಿಯರು ಒಂದೇ ದಿನ, ಒಂದೇ ನೀರಿನಲ್ಲಿ ದೀಕ್ಷಾಸ್ನಾನ ಪಡೆದವರು. ತಂಗಿ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿದ್ದಾರೆ, ಮಕ್ಕಳ ಬಟ್ಟೆಯ ಅಂಗಡಿಯೊಂದರಲ್ಲಿ ಕೆಲಸ. ತಾಯಿ ಇದ್ದದ್ದು ತಂಗಿಯ ಜೊತೆ. ತಾಯಿ ಹಾಸಿಗೆ ಹಿಡಿದಾಗ ತಂಗಿ ಕೆಲಸಕ್ಕೆ ರಜೆ ಹಾಕಿ ಪಕ್ಕದಲ್ಲೇ ಕೂತರು. ರಜೆ ಮುಗಿದ ಮೇಲೆ ಕೆಲಸ ಬಿಟ್ಟು ಕೂತರು. ಅಕ್ಕ ಲಾಂಡ್ರಿಯ ಪಾಳಿ ನೋಡಿಕೊಂಡು ವಾರಕ್ಕೊಮ್ಮೆಯೋ ಎರಡು ಬಾರಿಯೋ ಹೋಗಿ ಬರುತ್ತಿದ್ದರು. ಕೊನೆಗೆ ಒಂದು ಭಾನುವಾರ, ಬೆಳಗಿನ ಜಾವ, ತಾಯಿ ಹೋದರು. ತಂಗಿಯ ಫೋನು ಬಂದಾಗ ಅಕ್ಕ ಇದೇ ಅಡುಗೆಕೋಣೆಯಲ್ಲಿದ್ದರು. ಫೋನು ಮನೆಯಲ್ಲಿತ್ತು.

ಮಣ್ಣು ಮಾಡಿ ಬಂದ ಸಂಜೆ, ಬಂದವರೆಲ್ಲ ಚಹಾ ಕುಡಿದು ಹೊರಟ ಮೇಲೆ, ತಂಗಿ ಲೋಟ ತೊಳೆಯುತ್ತಾ ಹಿಂದಿರುಗಿ ನೋಡದೆ ಒಂದು ಮಾತು ಅಂದರು: "ಲೋಕಕ್ಕೆಲ್ಲ ರೊಟ್ಟಿ ಸುಡೋಳು ನೀನು. ಅಮ್ಮ ನಿನ್ನನ್ನೇ ಕರೀತಾ ಹೋದಳು. ಹೆತ್ತವಳ ಬಾಯಿಗೆ ಒಂದು ಗುಟುಕು ನೀರು ಬಿಡೋಕೆ ನಿನ್ನ ಕೈ ಖಾಲಿ ಇರಲಿಲ್ಲ."

ಜೀವಮಾನದಲ್ಲಿ ರೊಟ್ಟಿಯಕ್ಕನ ಬಾಯಿಗೆ ಬೀಗ ಬಿದ್ದದ್ದು ಅದೊಂದೇ ಸಲ.

ಆ ವಾರದ ಶನಿವಾರ ಎಂದಿನಂತೆ ಹೊರಟರು. ಬಸ್ಸು ಹತ್ತಿದರು, ತಂಗಿಯ ಬೀದಿಯಲ್ಲಿ ಇಳಿದರು, ಮನೆಯ ದೀಪ ಕಾಣುವಷ್ಟು ಹತ್ತಿರ ಹೋದರು. ಕಾಲು ಮುಂದೆ ಬರಲಿಲ್ಲ. ಎದುರಿನ ಬಸ್ಸಿಗೆ ತಿರುಗಿ ಬಂದರು. ಮರುದಿನ ನಸುಕಿನಲ್ಲಿ ಬೋಗುಣಿಯ ಮುಂದೆ ಕೈಕಟ್ಟಿ ನಿಂತರು. ಹಂಚು ಕಾದು ಹೊಗೆಯಾಡಿತು. ಕೈ ಬಿಚ್ಚಲಿಲ್ಲ. ಒಲೆ ಆರಿಸಿ, ಹಿಟ್ಟನ್ನು ಡಬ್ಬಕ್ಕೆ ವಾಪಸು ಸುರಿದು ಮನೆಗೆ ಬಂದು, ಈ ಸಲ ರೊಟ್ಟಿ ಇಲ್ಲ ಎಂದು ಗಂಡನ ಕೈಲಿ ಹೇಳಿ ಕಳಿಸಿದರು.

"ಬಾಯಲ್ಲಿ ಕ್ಷಮಿಸಿದೆ ಅನ್ನೋದು ಎಷ್ಟು ಹೊತ್ತಿನ ಕೆಲಸ? ಹೇಳಿಬಿಡಬಹುದಿತ್ತು. ಆದ್ರೆ ನಾದೋವಾಗ ಮನಸ್ಸೆಲ್ಲ ಅಂಗೈಗೆ ಬಂದುಬಿಡುತ್ತೆ. ಅಂಗೈಗೆ ಸುಳ್ಳು ಹೇಳೋಕೆ ಬರಲ್ಲ ನಂಗೆ."

ಅಂಗಡಿಯಿಂದ ಬ್ರೆಡ್ಡು ತಂದರಾಯಿತು ಎಂದು ಸಭೆಯ ಹಿರಿಯರೊಬ್ಬರು ಸೂಚಿಸಿದರಂತೆ. ಅಕ್ಕ ಬರಲಿ, ಕಾಯೋಣ ಎಂದರು ಸಭಾಪಾಲಕರು. ಹೀಗೆ ಆ ಭಾನುವಾರ ಕರ್ತನ ಭೋಜನವಿಲ್ಲದೆ ಆರಾಧನೆ ಮುಗಿಯಿತು. ಮುಂದಿನ ಭಾನುವಾರವೂ ಅಷ್ಟೇ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪದ ರೊಟ್ಟಿ ತಪ್ಪಿತೆಂದರೆ ಆಕೆ ಕಾಯಿಲೆ ಬಿದ್ದಿರಲೇಬೇಕು ಎಂದು ಸಭೆಯವರು ತಾವೇ ತೀರ್ಮಾನಿಸಿಕೊಂಡರು. ಮಾತು ಬಾಯಿಂದ ಬಾಯಿಗೆ ಹೋಗುತ್ತಾ ಜ್ವರ ನಿಮೋನಿಯಾ ಆಯಿತು, ನಿಮೋನಿಯಾ ಎದೆನೋವಾಯಿತು. ಬುಧವಾರದ ಪ್ರಾರ್ಥನಾ ಕೂಟದಲ್ಲಿ ಎಲ್ಲರೂ ಮೊಣಕಾಲೂರಿ ಕಣ್ಣೀರಿಟ್ಟು ಬೇಡಿಕೊಂಡರು.

ಇಲ್ಲಿಂದ ಮುಂದಿನದನ್ನು ಹೇಳುವಾಗ ರೊಟ್ಟಿಯಕ್ಕ ಮುಖಕ್ಕೆ ಸೆರಗು ಮುಚ್ಚಿಕೊಳ್ಳುತ್ತಾರೆ. ಜನ ತಂಡತಂಡವಾಗಿ ಮನೆಗೆ ಬಂದರು. ಹಣ್ಣು ತಂದರು, ಗಂಜಿ ತಂದರು. ನೆಟ್ಟಗೆ ನಿಂತಿದ್ದವರನ್ನು ಹೆಗಲು ಹಿಡಿದು ಮಲಗಿಸಿದರು. ಒಬ್ಬ ಹಿರಿಯರು ಹಣೆಗೆ ಎಣ್ಣೆ ಹಚ್ಚಿ, "ಕರ್ತನೇ, ಇವಳ ಎದೆಯ ಭಾರವನ್ನು ತೆಗೆದುಹಾಕು" ಎಂದು ಪ್ರಾರ್ಥಿಸಿದರು.

"ಆ ಹಿರಿಯರು ತಮಗೇ ಗೊತ್ತಿಲ್ಲದೆ ಸರಿಯಾದ ಪ್ರಾರ್ಥನೇನೇ ಮಾಡಿದ್ರು. ನಂಗೆ ಮಾತ್ರ ನೆಲ ಬಿರೀಬಾರದಾ ಅನ್ನಿಸ್ತು" ಎನ್ನುತ್ತಾರೆ ರೊಟ್ಟಿಯಕ್ಕ. ನೂರು ಜನರ ಭೋಜನ ತನ್ನೊಬ್ಬಳ ಸಿಟ್ಟಿಗೆ ನಿಂತುಹೋಗಿದೆ ಎಂದು ಹೇಳುವ ಧೈರ್ಯವಿಲ್ಲ. ಸಿಟ್ಟು ಬಿಡುವ ಶಕ್ತಿಯೂ ಇಲ್ಲ. ಕೊನೆಗೆ ಸಭಾಪಾಲಕರು ಬಂದಾಗ ಮಾತ್ರ ಎದ್ದು ಕೂತು ಹೇಳಿಬಿಟ್ಟರು: "ಪಾಸ್ಟರೇ, ನಂಗೆ ಜ್ವರ ಇಲ್ಲ. ಕೋಪ ಇದೆ."

ಅವರು ಬೋಧಿಸಲು ಕೂರಲಿಲ್ಲ. "ಕ್ಷಮೆ ನಾವು ತಯಾರು ಮಾಡೋದಲ್ಲಮ್ಮ. ನಮಗೆ ಸಿಕ್ಕಿದ್ದನ್ನ ದಾಟಿಸೋದು ಅಷ್ಟೇ" ಎಂದರು.

"ಸಿಕ್ಕಿದೆ ಪಾಸ್ಟರೇ, ಹೊಟ್ಟೆ ತುಂಬ ಸಿಕ್ಕಿದೆ. ದಾಟಿಸೋಕೆ ಕೈ ಏಳ್ತಿಲ್ಲ."

"ಹಾಗಾದ್ರೆ ಸಭೆ ಪ್ರಾರ್ಥನೆ ಮಾಡ್ತಾನೇ ಇರಲಿ. ಇದೂ ಕಾಯಿಲೇನೇ" ಎಂದು ಹೇಳಿ, ತಂದಿದ್ದ ಹಣ್ಣನ್ನು ಇಟ್ಟೇ ಹೋದರು.

ಗುರುವಾರ ಮಧ್ಯಾಹ್ನ ರೊಟ್ಟಿಯಕ್ಕ ಲಾಂಡ್ರಿಗೆ ಹೊರಟು ಚಪ್ಪಲಿ ಮೆಟ್ಟಿದ್ದರು. ಮೆಟ್ಟಿಲಲ್ಲಿ ಓಡಿ ಬರುವ ಸದ್ದು ಕೇಳಿತು. ಮತ್ತೊಂದು ಪ್ರಾರ್ಥನೆಯ ತಂಡ ಎಂದುಕೊಂಡು, ನಿಂತ ಹಾಗೇ ಹಾಸಿಗೆಗೆ ಹಾರಿ ಕಂಬಳಿ ಎಳೆದುಕೊಂಡರು. ಬಾಗಿಲು ದೂಡಿಕೊಂಡು ಒಳಗೆ ಬಂದದ್ದು ತಂಗಿ. ಕೂದಲು ಅರ್ಧ ಬಾಚಿದೆ, ಉಸಿರು ಸಿಗುತ್ತಿಲ್ಲ. ಅಕ್ಕ ಕೊನೆಯ ಗಳಿಗೆಯಲ್ಲಿದ್ದಾಳೆ ಎಂದು ಯಾರೋ ಹೇಳಿದ್ದರು.

"ಅಕ್ಕಾ! ಅಕ್ಕಾ, ಕಣ್ಣು ಬಿಡೇ!" ಎಂದು ಹಾಸಿಗೆಯ ಬುಡದಲ್ಲಿ ಕುಸಿದವರ ಕಣ್ಣಿಗೆ, ಕಂಬಳಿಯಾಚೆ ಚಾಚಿದ್ದ ಎರಡು ಚಪ್ಪಲಿ ಕಂಡವು. ಅಳು ಅಲ್ಲಿಗೇ ನಿಂತಿತು.

"ಚಪ್ಪಲಿ ಹಾಕ್ಕೊಂಡು ಯಾವ ಲೋಕಕ್ಕೆ ಹೊರಟಿದ್ದೀಯ?"

ಅಕ್ಕ ಎದ್ದು ಕೂತರು. "ಲಾಂಡ್ರಿಗೆ" ಎಂದರು.

ತಂಗಿ ಕೈಗೆ ಸಿಕ್ಕ ದಿಂಬಿನಿಂದ ಬಾರಿಸಿದರು. ಎರಡೇಟು ಅಕ್ಕ ತಿಂದರು, ಮೂರನೆಯದಕ್ಕೆ ದಿಂಬು ಕಿತ್ತುಕೊಂಡರು. ಆಮೇಲೆ ಇಬ್ಬರೂ ಮಂಚದ ಎರಡು ತುದಿಯಲ್ಲಿ ಕೂತರು. ಗಂಡ ಎಲ್ಲಿಗೋ ಬೀಗ ತೆಗೆಯಲು ಹೋಗಿದ್ದರು, ಮನೆಯಲ್ಲಿ ಇನ್ನಾರೂ ಇರಲಿಲ್ಲ.

"ಆ ಮಾತು ವಾಪಸ್ ತಗೋ" ಎಂದರು ಅಕ್ಕ.

"ತಗೊಳ್ಳಲ್ಲ. ಅಮ್ಮ ಕರೆದದ್ದು ನಿಜ."

"ಏನಂತ ಕರೆದಳು?"

ತಂಗಿ ಅರ್ಧ ಬಾಚಿದ ಕೂದಲನ್ನು ಗಂಟು ಕಟ್ಟಿದರು. "'ದೊಡ್ಡವಳು ಎದ್ದಳಾ, ಇವತ್ತು ಭಾನುವಾರ, ಅವಳಿಗೆ ಹೊತ್ತಾಗುತ್ತೆ, ಎಬ್ಬಿಸೇ' ಅಂದಳು. ನಿನ್ನನ್ನ ಬಾ ಅಂತ ಕರೀಲಿಲ್ಲ. ಎದ್ದು ರೊಟ್ಟಿಗೆ ಹೋಗು ಅಂತ ಕರೆದಳು. ರಾತ್ರಿಯಿಡೀ ಪಕ್ಕದಲ್ಲಿ ಕೂತವಳು ನಾನು, ಅವಳ ಬಾಯಲ್ಲಿ ನಿನ್ನ ರೊಟ್ಟಿ ಮಾತು. ನನಗೆ ಹೇಗಾಗಿರಬೇಕು, ಹೇಳು."

ಅಕ್ಕನ ಕಣ್ಣು ತುಂಬಿತು. ತಂಗಿಗೆ ಮಾತು ನಿಲ್ಲಲಿಲ್ಲ. ಎಷ್ಟೋ ತಿಂಗಳಿಂದ ಕಟ್ಟಿಟ್ಟದ್ದು ಈಗ ಹೊರಬಂತು.

"ಪ್ರತಿ ಭಾನುವಾರ ಮಧ್ಯಾಹ್ನ ಪಾಸ್ಟರ್ ಬರ್ತಿದ್ರು, ಅಮ್ಮನಿಗೆ ರೊಟ್ಟಿ ಕೊಡೋಕೆ. ನೀನು ಸುಟ್ಟಿದ್ದೇ. ಬಾಗಿಲು ತೆಗೆದವಳು ನಾನು. ಕುರ್ಚಿ ಹಾಕಿದವಳು ನಾನು. ಅಮ್ಮನ ತಲೆ ಎತ್ತಿ, ದ್ರಾಕ್ಷಾರಸದ ಬಟ್ಟಲು ಹಿಡಿದು, ಗಲ್ಲ ಒರೆಸಿದವಳು ನಾನು. ಒಂದು ದಿನ, ಒಂದೇ ಒಂದು ದಿನ, ನಿನಗೂ ಒಂದು ಚೂರು ಬೇಕಾ ಅಂತ ಯಾರೂ ಕೇಳಲಿಲ್ಲಕ್ಕ. ಸಭೆಗೆ ಬರೋಕೆ ಆಗ್ತಿರಲಿಲ್ಲ. ನಾನೂ ಅದೇ ಮೇಜಿನವಳಲ್ವಾ? ರೊಟ್ಟಿ ನನ್ನ ಮನೆ ತನಕ ಬಂದು, ನನ್ನನ್ನ ದಾಟಿ ಹೋಯ್ತು."

ರೊಟ್ಟಿಯಕ್ಕ ಆ ಗಳಿಗೆಯನ್ನು ಹೇಳುವಾಗ ಈಗಲೂ ಇಸ್ತ್ರಿ ಕೆಳಗಿಡುತ್ತಾರೆ. "ನಾನು ಏನು ಅಂದ್ಕೊಂಡಿದ್ದೆ ಗೊತ್ತಾ? ಅವಳು ನನ್ನ ಹತ್ರ ಕ್ಷಮೆ ಕೇಳಬೇಕು, ನಾನು ದೊಡ್ಡ ಮನಸ್ಸು ಮಾಡಬೇಕು. ಮಂಚದ ಆ ತುದಿಯಿಂದ ಈ ತುದಿಗೆ ಬರೋದ್ರೊಳಗೆ ಎಲ್ಲ ತಿರುಗುಮುರುಗಾಯ್ತು. ಅಮ್ಮನ ಎಲ್ಲ ರಾತ್ರಿಗಳನ್ನ ಅವಳೊಬ್ಬಳ ತಲೆ ಮೇಲೆ ಹಾಕಿ, ವಾರಕ್ಕೊಂದು ಸಲ ಹಣ್ಣು ಹಿಡ್ಕೊಂಡು ಹೋಗಿ ಬರ್ತಿದ್ದೆ. ಒಂದು ದಿನಾನೂ 'ನೀನು ಊಟ ಮಾಡಿದ್ಯಾ' ಅಂತ ಕೇಳಿರಲಿಲ್ಲ. ಶನಿವಾರ ಬೀದಿಯವರ ಹತ್ರ ಎಲ್ಲ ತಪ್ಪಾಯ್ತು ತಪ್ಪಾಯ್ತು ಅಂತ ಸುತ್ತಿದೆ. ನಿಜವಾದ ತಪ್ಪು ಎಲ್ಲಿದೆ ಅಂತ ಗೊತ್ತೇ ಇರಲಿಲ್ಲ."

ಆ ದಿನ ಅಕ್ಕ ಲಾಂಡ್ರಿಗೆ ಹೋಗಲಿಲ್ಲ. ಇಬ್ಬರೂ ಸಭೆಯವರು ತಂದಿಟ್ಟಿದ್ದ ಗಂಜಿಯನ್ನೇ ಬಿಸಿ ಮಾಡಿ ಕುಡಿದರು. ಹೊರಡುವ ಮುನ್ನ ತಂಗಿ, "ಆ ಮಾತು ಈಗ ವಾಪಸ್ ತಗೊಂಡೆ. ಆದ್ರೆ ದಿಂಬಿನೇಟು ತಗೊಳ್ಳಲ್ಲ, ಅದು ನಿನಗೆ ಬೇಕಿತ್ತು" ಎಂದರಂತೆ.

ವಿಷಯ ಸಭಾಪಾಲಕರಿಗೆ ತಿಳಿಯಿತು. ಅವರು ತಮ್ಮ ತಪ್ಪನ್ನು ಮರೆಮಾಚುವುದಿಲ್ಲ. "ಬಟ್ಟಲು ಹಿಡ್ಕೋಮ್ಮ ಅಂತ ಆಕೆಗೆ ಹೇಳಿದವನೇ ನಾನು. ಕಣ್ಣೆದುರೇ ಇದ್ದಳು. ಕಾಯಿಲೆಯವರ ಮನೆಗೆ ಹೋಗ್ತೀನಿ ಅಂತ ಹೊರಟವನು ಕಾಯಿಲೆಯವರನ್ನ ಮಾತ್ರ ನೋಡಿ ಬಂದೆ. ಯಾರೂ ಮೇಜಿನಿಂದ ಹೊರಗಿಲ್ಲ ಅಂತ ಪ್ರತಿ ವಾರ ಬೋಧಿಸ್ತೀನಿ, ನೋಡಿ" ಎನ್ನುತ್ತಾರೆ. ಮರುದಿನವೇ ಅವರು ತಂಗಿಯ ಮನೆಗೆ ಹೋದರು. ಬಾಗಿಲಲ್ಲೇ ಕ್ಷಮೆ ಕೇಳಲು ಶುರುಮಾಡಿದವರನ್ನು ತಂಗಿ, "ಮೊದಲು ಒಳಗೆ ಬಂದು ಚಹಾ ಕುಡೀರಿ. ನಿಂತ್ಕೊಂಡು ಕೇಳಿದ್ರೆ ನಾನು ಕ್ಷಮಿಸಲ್ಲ" ಎಂದು ಕುರ್ಚಿ ಎಳೆದರು.

ಆ ಭಾನುವಾರ ರೊಟ್ಟಿ ಬಂತು. ಸಭೆಯಲ್ಲಿ ಎಲ್ಲರ ಬಾಯಲ್ಲೂ ಸ್ತೋತ್ರ: ಅಕ್ಕನನ್ನು ದೇವರು ಬದುಕಿಸಿದ! ಎಣ್ಣೆ ಹಚ್ಚಿದ ಹಿರಿಯರಂತೂ ತಮ್ಮ ಎಣ್ಣೆಯ ಶೀಶೆಯನ್ನು ಎಲ್ಲರಿಗೂ ತೋರಿಸಿದರು. ರೊಟ್ಟಿಯಕ್ಕ ಎದ್ದು ನಿಂತು, ಸೆರಗಿನ ತುದಿ ತಿರುಚುತ್ತಾ, ಇದ್ದದ್ದು ಇದ್ದ ಹಾಗೆ ಹೇಳಿದರು. ಜ್ವರವಿರಲಿಲ್ಲ, ಮುನಿಸಿತ್ತು ಎಂದರು. ಹಿಂದಿನ ಸಾಲಿನಲ್ಲಿ ತಂಗಿಯ ಪಕ್ಕ ಕೂತಿದ್ದ ಗಂಡ, ಎಲ್ಲರಿಗೂ ಕೇಳುವಂತೆ, "ಪ್ರಾರ್ಥನೆ ಸರಿಯಾಗೇ ಕೆಲಸ ಮಾಡಿದೆ ಬಿಡಿ, ರೋಗದ ಹೆಸರು ಮಾತ್ರ ತಪ್ಪಾಗಿತ್ತು" ಎಂದರು. ನಗು ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಹರಿಯಿತು. ನಗುತ್ತಲೇ ಕೆಲವರು ಕಣ್ಣೊರೆಸಿಕೊಂಡರು, ಕೆಲವರು ಎದ್ದು ಹೋಗಿ ಇನ್ನಾರದೋ ಕೈ ಹಿಡಿದರು. ಆ ದಿನ ಭೋಜನ ಶುರುವಾಗುವುದಕ್ಕೆ ತುಂಬ ತಡವಾಯಿತು. ಯಾರೂ ಗಡಿಯಾರ ನೋಡಲಿಲ್ಲ.

ಅಂದಿನಿಂದ ಈ ಸಭೆಯಲ್ಲಿ ಒಂದು ಹೊಸ ಪದ್ಧತಿ ನಿಂತಿದೆ. ಮುಂಚೆ ಹಾಸಿಗೆ ಹಿಡಿದವರ ಮನೆಗೆ ರೊಟ್ಟಿ ಹೋಗುತ್ತಿತ್ತು. ಈಗ ಹಾಸಿಗೆಯ ಪಕ್ಕದಲ್ಲಿ ಕೂತವರಿಗೂ ಹೋಗುತ್ತದೆ. ಒಂದೊಂದು ಮನೆಗೂ ಇಂತಿಷ್ಟು ಎಂದು ರೊಟ್ಟಿಯಕ್ಕ ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿ ಇಡುತ್ತಾರೆ, ಸಭಾಪಾಲಕರ ಜೊತೆ ತಾವೂ ಹೊರಡುತ್ತಾರೆ. ತಂಗಿಗೆ ಮತ್ತೆ ಕೆಲಸ ಸಿಕ್ಕಿದೆ, ಬಿಡುವಿದ್ದ ವಾರ ಅವರೂ ಕೂಡಿಕೊಳ್ಳುತ್ತಾರೆ. ನಿಮ್ಮ ನಂತರ ಹಿಟ್ಟು ಕಲಸುವವರು ತಂಗಿಯೇನು ಎಂದರೆ, ತಂಗಿಯೇ ನಡುವೆ ಬಾಯಿ ಹಾಕುತ್ತಾರೆ: "ನನ್ನ ಕೈಲಾಗಲ್ಲಪ್ಪ. ಅಂಗಡೀಲಿ ದಿನಕ್ಕೆ ಎಷ್ಟು ಗಿರಾಕಿಗಳನ್ನ ಮನಸ್ಸಲ್ಲೇ ಬೈತೀನಿ ಅಂತ ನನಗೊಬ್ಬಳಿಗೆ ಗೊತ್ತು. ಶನಿವಾರ ಒಂದು ಸಂಜೆ ಸಾಲಲ್ಲ."

ರೊಟ್ಟಿಯಕ್ಕನಿಗೆ ದೊಡ್ಡ ಆಸೆಗಳಿಲ್ಲ. ಬೆರಳಿನ ಗೆಣ್ಣುಗಳು ಬಾತುಕೊಳ್ಳುತ್ತಿವೆ, ಚಳಿಯ ದಿನಗಳಲ್ಲಿ ನಾದಲು ಕಷ್ಟ. "ಇನ್ನೊಂದಿಷ್ಟು ವರ್ಷ ಕೈ ನಡೀಲಿ. ಸಾಯೋದೇ ಆದ್ರೆ ಭಾನುವಾರ ಮಧ್ಯಾಹ್ನ ಸಾಯಬೇಕು. ಆಗ ಯಾರ ಹತ್ರಾನೂ ಜಗಳ ಇರಲ್ಲ ನಂದು."

"ಸಂಜೆ ತನಕ ತಡೆದ್ರೆ ಕಷ್ಟ" ಎನ್ನುತ್ತಾರೆ ಗಂಡ.

ಆರಾಧನೆ ಮುಗಿದು, ಮಧ್ಯಾಹ್ನದ ಬಿಸಿಲಲ್ಲಿ ರೊಟ್ಟಿಯಕ್ಕ ಮತ್ತು ಸಭಾಪಾಲಕರು ಒಂದು ಕಿರಿದಾದ ಮೆಟ್ಟಿಲು ಹತ್ತುತ್ತಾರೆ. ಮೇಲೆ ಒಂದೇ ಕೋಣೆಯ ಮನೆ. ಹಾಸಿಗೆಯಲ್ಲಿ ಮಾತು ನಿಂತ ಹೆಂಡತಿ, ಪಕ್ಕದ ಸ್ಟೂಲಿನ ಮೇಲೆ ಗಂಡ, ನಿವೃತ್ತ ಬಸ್ ಕಂಡಕ್ಟರ್. ಗಡ್ಡ ಬೋಳಿಸಿ ಎಷ್ಟೋ ದಿನವಾಗಿದೆ. ಬೀಸಣಿಗೆ ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ಸಭಾಪಾಲಕರು ಪ್ರಾರ್ಥಿಸಿ, ಒಂದು ಚೂರನ್ನು ದ್ರಾಕ್ಷಾರಸದಲ್ಲಿ ನೆನೆಸಿ ಹೆಂಡತಿಯ ತುಟಿಗೆ ಮುಟ್ಟಿಸುತ್ತಾರೆ. ಕಂಡಕ್ಟರ್ ಅಭ್ಯಾಸದಂತೆ ಆಕೆಯ ಗಲ್ಲ ಒರೆಸಿ, ಹಿಂದೆ ಸರಿದು ಗೋಡೆಗೆ ಒರಗುತ್ತಾರೆ.

ಸಭಾಪಾಲಕರು ಇನ್ನೊಂದು ಚೂರು ಮುರಿದು ಗೋಡೆಯ ಕಡೆಗೆ ಕೈ ಚಾಚುತ್ತಾರೆ.

"ನನಗಾ?" ಕಂಡಕ್ಟರ್ ಗಾಬರಿಯಾಗಿ ಇಬ್ಬರ ಮುಖವನ್ನೂ ನೋಡುತ್ತಾರೆ. "ನಾನು ಹುಷಾರಾಗೇ ಇದ್ದೀನಲ್ಲ."

ರೊಟ್ಟಿಯಕ್ಕ ಸ್ಟೂಲನ್ನು ಅವರ ಹತ್ತಿರಕ್ಕೆ ಸರಿಸುತ್ತಾರೆ.

"ಹುಷಾರಾಗಿರೋರಿಗೂ ಹಸಿವಾಗುತ್ತಲ್ಲಣ್ಣ. ಕೂತ್ಕೊಳ್ಳಿ."